ದೊಡ್ಡಪ್ಪನ ಮಟ್ಟು ಮತ್ತು ಮಿದುಳಿನ ಪುಸ್ತಕಗಳು

ಚರ್ಚ್ ಸ್ಟ್ರೀಟಿನ ಯಾವ ಪುಸ್ತಕದಂಗಡಿಗೆ ಹೋದರೂ ಪಾಪ್ಯುಲರ್ ಸೈನ್ಸ್ ಕಪಾಟಿನ ಮುಂದೆ ನಮ್ಮಂಥೋರು ಮೂರ್ನಾಲ್ಕು ಜನ ನಿಂತಿರ್ತಾರೆ. ಆಫೀಸಿನ ಐಡಿ ಕಾರ್ಡನ್ನ ಕಳಚಿ ಜೇಬಿಗೆ ತುರುಕಿರ್ತಾರೆ, ಅದರ ದಾರ ಮಾತ್ರ ಹೊರಗೆ ನೇತಾಡ್ತಿರತ್ತೆ. ಆ ಕಪಾಟಿನಲ್ಲಿ ಈಗ ಒಂದಿಡೀ ಸಾಲು ಮಿದುಳಿಗೇ ಮೀಸಲು. ನಿದ್ದೆ ಮತ್ತು ಮಿದುಳು, ಊಟ ಮತ್ತು ಮಿದುಳು, ಓಟ ಮತ್ತು ಮಿದುಳು, ಪ್ರೀತಿ ಮತ್ತು ಮಿದುಳು. ಯಾವುದಕ್ಕೆ ಬೇಕಾದರೂ 'ಮತ್ತು ಮಿದುಳು' ಅಂತ ಸೇರಿಸಿದರೆ ಒಂದು ಪುಸ್ತಕ ಆಗತ್ತೆ. ನನ್ನ ಕೈ ಹೋಗೋದು ಮಾತ್ರ ಸಂಗೀತ ಮತ್ತು ಮಿದುಳಿನ ಕಡೆಗೆ. ನಾನು ಸಂಗೀತ ಕಲಿತವನಲ್ಲ. ಹಾರ್ಮೋನಿಯಂ ಮುಂದೆ ಕೂರಿಸಿ 'ಸ' ಎಲ್ಲಿದೆ ತೋರಿಸು ಅಂದರೆ ಕಷ್ಟ. ಆದರೆ ಕೋಡ್ ಬರೆಯುವಾಗ ಕಿವಿಗೆ ಹಾಡು ಬೇಕು, ಟ್ರಾಫಿಕ್ಕಿನಲ್ಲಿ ಬೇಕು, ಪಾತ್ರೆ ತೊಳೆಯುವಾಗಲೂ ಬೇಕು. ಇಷ್ಟೊಂದು ಬೇಕಾಗಿರೋದು ಯಾಕೆ ಬೇಕು ಅಂತ ತಿಳಿಯೋ ಕುತೂಹಲ, ಅಷ್ಟೇ.

ಈ ಸಾಲಿನಲ್ಲಿ ಎಲ್ಲರೂ ಓದೋ ಪುಸ್ತಕಗಳು ಎರಡು. ಒಂದು, 2006ರಲ್ಲಿ ಬಂದ ಡೇನಿಯಲ್ ಲೆವಿಟಿನ್‌ರ 'ದಿಸ್ ಈಸ್ ಯುವರ್ ಬ್ರೈನ್ ಆನ್ ಮ್ಯೂಸಿಕ್'. ಲೆವಿಟಿನ್ ಮೊದಲು ರೆಕಾರ್ಡ್ ಪ್ರೊಡ್ಯೂಸರ್ ಆಗಿದ್ದವರು, ಆಮೇಲೆ ವಿಜ್ಞಾನಕ್ಕೆ ಬಂದವರು. ಸ್ವರ ಅಂದರೇನು, ಲಯ ಅಂದರೇನು ಅನ್ನೋದರಿಂದ ಶುರುಮಾಡಿ ಸಾವಧಾನವಾಗಿ ಬಿಡಿಸಿ ಹೇಳ್ತಾರೆ. ಇನ್ನೊಂದು, 2007ರ 'ಮ್ಯೂಸಿಕೋಫಿಲಿಯಾ'. ಬರೆದವರು ನರರೋಗ ತಜ್ಞ ಆಲಿವರ್ ಸ್ಯಾಕ್ಸ್. ಇವರದ್ದು ಕಥೆ ಹೇಳೋ ದಾರಿ. ಒಬ್ಬೊಬ್ಬ ರೋಗಿಯದೂ ಒಂದೊಂದು ಕಥೆ.

ಕಥೆಗಳೋ, ಒಂದನ್ನ ಮೀರಿಸಿದ್ದು ಇನ್ನೊಂದು. ಟೋನಿ ಸಿಕೋರಿಯಾ ಅಂತ ಅಮೆರಿಕದ ಒಬ್ಬ ಮೂಳೆ ಡಾಕ್ಟರು. 1994ರಲ್ಲಿ ಟೆಲಿಫೋನ್ ಬೂತಿನಿಂದ ತಾಯಿಗೆ ಫೋನ್ ಮಾಡ್ತಿದ್ದಾಗ ಸಿಡಿಲು ಹೊಡೀತು. ಬದುಕಿಕೊಂಡರು. ಕೆಲವು ವಾರಗಳಾದ ಮೇಲೆ, ಅಲ್ಲಿಯತನಕ ಸಂಗೀತದ ಹುಚ್ಚೇನೂ ಇಲ್ಲದ ಮನುಷ್ಯನಿಗೆ ಪಿಯಾನೋ ಕೇಳಲೇಬೇಕು, ನುಡಿಸಲೇಬೇಕು ಅನ್ನೋ ಹಸಿವು ಹತ್ತಿತು. ಕಲಿತು, ತಾವೇ ಸಂಗೀತ ರಚಿಸೋ ಮಟ್ಟಕ್ಕೆ ಹೋದರು. ಇನ್ನೊಬ್ಬರು ಬ್ರಿಟನ್ನಿನ ಸಂಗೀತಗಾರ ಕ್ಲೈವ್ ವೇರಿಂಗ್. 1985ರಲ್ಲಿ ಮಿದುಳಿಗೆ ವೈರಸ್ ಸೋಂಕು ತಗುಲಿ ನೆನಪಿನ ಶಕ್ತಿಯೇ ಹೋಯಿತು. ಹೊಸದಾಗಿ ಏನು ಹೇಳಿದರೂ ಕೆಲವು ಸೆಕೆಂಡುಗಳಲ್ಲಿ ಮರೆತುಹೋಗತ್ತೆ. ಹೆಂಡತಿ ಪಕ್ಕದ ಕೋಣೆಗೆ ಹೋಗಿ ಬಂದರೆ ವರ್ಷಗಳ ನಂತರ ಕಂಡವರ ಹಾಗೆ ತಬ್ಬಿಕೊಳ್ತಾರೆ. ಅಂಥವರನ್ನ ಪಿಯಾನೋ ಮುಂದೆ ಕೂರಿಸಿದರೆ ಶುರುವಿನಿಂದ ಕೊನೆಯ ತನಕ ತಪ್ಪಿಲ್ಲದೆ ನುಡಿಸ್ತಾರೆ. ಓದ್ತಾ ಓದ್ತಾ ಮೆಟ್ರೋದಲ್ಲಿ ಇಳಿಯೋ ಸ್ಟೇಷನ್ ದಾಟಿಹೋಗತ್ತೆ, ಅಂಥ ಪುಸ್ತಕ.

ಈ ಪುಸ್ತಕಗಳ ಬಗ್ಗೆ ಬರೋ ಲೇಖನ, ವಿಡಿಯೋಗಳಲ್ಲಿ ಇನ್ನೊಂದು ಸಾಮಾನು ಕಡ್ಡಾಯ. ಮಿದುಳಿನ ಬೂದು ಬಣ್ಣದ ಚಿತ್ರ, ಅದರ ಮೇಲೆ ಕೆಂಪು, ಹಳದಿ ಚುಕ್ಕೆ. 'ಹಾಡು ಕೇಳಿದಾಗ ಈ ಜಾಗ ಬೆಳಗತ್ತೆ' ಅಂತ ಕೆಳಗೆ ಒಂದು ಸಾಲು. ನಿಜವಾಗಿ ಅಲ್ಲಿ ಏನೂ ಬೆಳಗೋದಿಲ್ಲ. ಆ ಸ್ಕ್ಯಾನಿಂಗ್ ಮೆಷಿನ್ ಅಳೆಯೋದು ರಕ್ತದಲ್ಲಿನ ಆಮ್ಲಜನಕದ ಏರುಪೇರನ್ನ. ಕೆಲಸ ಜಾಸ್ತಿ ನಡೆಯೋ ಕಡೆ ರಕ್ತ ಜಾಸ್ತಿ ಹರಿಯತ್ತೆ, ಅದಕ್ಕೆ ಕಂಪ್ಯೂಟರ್ ಬಣ್ಣ ಹಚ್ಚತ್ತೆ. ನಮ್ಮ ಆಫೀಸಿನ ಮಾನಿಟರಿಂಗ್ ಡ್ಯಾಶ್‌ಬೋರ್ಡಿನಲ್ಲೂ ಹೀಗೇ. ರಾತ್ರಿ ಎರಡು ಗಂಟೆಗೆ ಒಂದು ಸರ್ವರ್ ಕೆಂಪಾಗತ್ತೆ. ಕೆಂಪಾಯಿತು ಅನ್ನೋದು ನಿಜ, ಆದರೆ ಯಾಕೆ ಕೆಂಪಾಯಿತು ಅಂತ ಅದು ಹೇಳೋದಿಲ್ಲ. ಅದನ್ನ ತಿಳಿಯಕ್ಕೆ ಯಾರೋ ಒಬ್ಬ ನಿದ್ದೆಗೆಟ್ಟು ಲಾಗ್ ಓದಬೇಕು. ಮಿದುಳಿನ ಚಿತ್ರ ನೋಡಿದಾಗಲೆಲ್ಲ ನನಗೆ ಆ ಲಾಗ್ ಓದಿದವರು ಯಾರು ಅನ್ನೋ ಪ್ರಶ್ನೆ ಬರತ್ತೆ.

ಲಾಗ್ ಓದದೆ ಬಣ್ಣ ಮಾತ್ರ ನೋಡಿದರೆ ಏನಾಗತ್ತೆ ಅನ್ನೋದಕ್ಕೆ 'ಮೊಜಾರ್ಟ್ ಎಫೆಕ್ಟ್'ಗಿಂತ ಒಳ್ಳೆ ಉದಾಹರಣೆ ಇಲ್ಲ. 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬಂತು. 36 ಜನ ಕಾಲೇಜು ವಿದ್ಯಾರ್ಥಿಗಳು ಹತ್ತು ನಿಮಿಷ ಮೊಜಾರ್ಟನ ಒಂದು ಪಿಯಾನೋ ಸೊನಾಟ ಕೇಳಿದರು. ಆಮೇಲೆ, ಕಾಗದ ಮಡಚಿ ಕತ್ತರಿಸಿದರೆ ಬಿಚ್ಚಿದಾಗ ಹೇಗೆ ಕಾಣತ್ತೆ ಅನ್ನೋ ಥರದ ಲೆಕ್ಕಗಳನ್ನ ಸ್ವಲ್ಪ ಚೆನ್ನಾಗಿ ಮಾಡಿದರು. ಆ ಲಾಭ ಉಳಿದದ್ದು ಹತ್ತು ಹದಿನೈದು ನಿಮಿಷ. ಅಷ್ಟೇ ವರದಿ. ಅದರಲ್ಲಿ ಮಕ್ಕಳ ಸುದ್ದಿಯೇ ಇರಲಿಲ್ಲ. ಐದು ವರ್ಷ ಕಳೆಯೋ ಹೊತ್ತಿಗೆ, 1998ರಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್ ಹುಟ್ಟೋ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ರೆಕಾರ್ಡಿಂಗ್ ಕೊಡಬೇಕು, ಅದಕ್ಕೆ 1,05,000 ಡಾಲರ್ ಬೇಕು ಅಂತ ಬಜೆಟ್‌ನಲ್ಲಿ ಕೇಳಿದ್ದರು. ಮುಂದೆ ಕೆನಡಾದಲ್ಲಿ ಇದನ್ನೇ ಮತ್ತೆ ಪರೀಕ್ಷೆ ಮಾಡಿ ನೋಡಿದಾಗ, ಮೊಜಾರ್ಟ್ ಬದಲು ಸ್ಟೀಫನ್ ಕಿಂಗ್‌ನ ಕಥೆ ಕೇಳಿಸಿದರೂ ಕೆಲವರು ಲೆಕ್ಕ ಚೆನ್ನಾಗಿ ಮಾಡಿದರು. ಕಥೆ ಇಷ್ಟಪಟ್ಟವರಿಗೆ ಕಥೆಯಿಂದ, ಸಂಗೀತ ಇಷ್ಟಪಟ್ಟವರಿಗೆ ಸಂಗೀತದಿಂದ. ಮನಸ್ಸು ಗೆಲುವಾಗಿದ್ದರೆ ಕೆಲಸ ಚೆನ್ನಾಗಿ ಆಗತ್ತೆ. ನಮ್ಮ ಅಜ್ಜಿಯನ್ನ ಕೇಳಿದ್ದರೂ ಹೇಳ್ತಿದ್ದಳು.

ಆದರೆ ಸಂತೆಗೆ ಒಮ್ಮೆ ಬಂದ ಮಾತು ವಾಪಸ್ ಹೋಗೋದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಲಿಫ್ಟ್‌ಗಳಲ್ಲಿ ಇವತ್ತಿಗೂ ಅಂಥ ಚೀಟಿ ನೋಡಬಹುದು: ಕೀಬೋರ್ಡ್ ಕ್ಲಾಸ್, ಮಕ್ಕಳ ಏಕಾಗ್ರತೆಗೆ, ಗಣಿತಕ್ಕೆ, ಬ್ರೈನ್ ಡೆವಲಪ್‌ಮೆಂಟ್‌ಗೆ. ನನ್ನ ಜೊತೆ ಕೆಲಸ ಮಾಡೋರು ಮಕ್ಕಳನ್ನ ಸಂಗೀತಕ್ಕೆ ಸೇರಿಸೋ ಮುಂಚೆ ಯಾವ ವಾದ್ಯಕ್ಕೆ ಎಷ್ಟು 'ಬ್ರೈನ್ ಬೆನಿಫಿಟ್' ಅಂತ ಹೋಲಿಸಿ ನೋಡ್ತಾರೆ. ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ನೋಡ್ತೀವಲ್ಲ, ಹಾಗೆ.

ಇದೇ ವಿಜ್ಞಾನ ನಿಧಾನವಾಗಿ ಓದಿದರೆ ಬೇರೇನೋ ಹೇಳತ್ತೆ. 2011ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು, ಹಾಡು ಕೇಳಿ ಮೈ ಜುಮ್ಮೆನ್ನೋ ಜನರನ್ನ ಆರಿಸಿ, ಅವರ ಮಿದುಳಿನಲ್ಲಿ ಡೋಪಮೈನ್ ಯಾವಾಗ ಬಿಡುಗಡೆ ಆಗತ್ತೆ ಅಂತ ನೋಡಿದರು. ಜುಮ್ಮೆನ್ನೋ ಆ ಗಳಿಗೆಯಲ್ಲಿ ಒಂದು ಕಡೆ ಬಿಡುಗಡೆ ಆಗ್ತಿತ್ತು. ಅದಕ್ಕೂ ಕೆಲವು ಸೆಕೆಂಡು ಮುಂಚೆ, 'ಈಗ ಬರತ್ತೆ, ಈಗ ಬರತ್ತೆ' ಅಂತ ಕಾಯೋವಾಗ, ಇನ್ನೊಂದು ಕಡೆ ಬಿಡುಗಡೆ ಆಗ್ತಿತ್ತು. ಅಂದರೆ ಕಾಯೋದೇ ಅರ್ಧ ಸುಖ. ಇದನ್ನ ಓದಿದ ತಕ್ಷಣ ನನಗೆ ನಮ್ಮೂರಿನ 'ಕುರುಕ್ಷೇತ್ರ' ನಾಟಕ ಕಣ್ಮುಂದೆ ಬಂತು.

ನಮ್ಮದು ತಿಪಟೂರು ಕಡೆಯ ಊರು. ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ, ಹಾಗಾಗಿ ನಾಟಕದ ಗೀಳು ಮಣ್ಣಲ್ಲೇ ಇದೆ. ಸುಗ್ಗಿ ಮುಗಿದ ಮೇಲೆ ಊರಿನವರೇ ದುಡ್ಡು ಹಾಕಿ ಪೌರಾಣಿಕ ನಾಟಕ ಕಲೀತಾರೆ. ಎಲ್ಲಿಂದಲೋ ಒಬ್ಬ ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಸಮೇತ ಬಂದು ತಿಂಗಳುಗಟ್ಟಲೆ ಇರ್ತಾರೆ. ಒಂದೊಂದು ಪಾರ್ಟಿಗೆ ಒಂದೊಂದು ರೇಟು. ಕೃಷ್ಣ, ದುರ್ಯೋಧನ ಆಗಬೇಕಾದರೆ ಜೇಬು ಗಟ್ಟಿ ಇರಬೇಕು. ಹಗಲೆಲ್ಲ ತೆಂಗಿನ ತೋಟದಲ್ಲಿ ದುಡಿದು ಬಂದವರು ರಾತ್ರಿ ಊಟ ಆದ ಮೇಲೆ ಮೇಷ್ಟ್ರ ಮುಂದೆ ಕೂತು ಕಂದಪದ್ಯ, ಮಟ್ಟು ಎಲ್ಲ ಬಾಯಿಪಾಠ ಮಾಡ್ತಾರೆ. ರಾಗದ ಹೆಸರು ಒಬ್ಬರಿಗೂ ಗೊತ್ತಿರೋದಿಲ್ಲ. ಗಂಟಲಿಗೆ ಮಾತ್ರ ಎಲ್ಲ ಗೊತ್ತಿರತ್ತೆ. ನಾಟಕದ ರಾತ್ರಿ ಕಂದದ ಕೊನೆಗೆ ಪಾತ್ರಧಾರಿ ಸ್ವರ ಎಳೀತಾ ಎಳೀತಾ ಹೋಗ್ತಾನೆ, ಮೇಷ್ಟ್ರು ಹಾರ್ಮೋನಿಯಂ ಮೇಲೆ ಅವನ ಬೆನ್ನು ಹತ್ತುತಾರೆ, ತಬಲ ಸುಮ್ಮನಾಗಿರತ್ತೆ. ಜನ ಉಸಿರು ಹಿಡಿದು ಕೂತಿರ್ತಾರೆ. ಸ್ವರ ಬಂದು ನಿಲ್ಲೋ ಜಾಗಕ್ಕೆ ನಿಂತು, ತಬಲದ ಏಟು ಬಿದ್ದ ತಕ್ಷಣ ಶಿಳ್ಳೆ, 'ವನ್ಸ್ ಮೋರ್'. ಯಾರ ಡೋಪಮೈನ್ ಯಾವಾಗ ಬಿಡಬೇಕು ಅಂತ ಆ ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ದೊಡ್ಡಪ್ಪ ಆ ನಾಟಕದ ಕಾಯಂ ದುರ್ಯೋಧನ. ಇಪ್ಪತ್ತು ವರ್ಷದ ಮೇಲೆ ಅದೇ ಪಾರ್ಟು ಮಾಡಿದ್ದಾರೆ. ಸುತ್ತಮುತ್ತಲ ಹಳ್ಳಿಯವರೂ ಕರೆಸ್ತಿದ್ದರು. ಕೊಬ್ಬರಿ ಸುಲಿಯೋವಾಗ, ಹಸುಗೆ ನೀರು ಕುಡಿಸೋವಾಗ, ಬಸ್ಸಿಗೆ ಕಾಯೋವಾಗ ಯಾವುದೋ ಒಂದು ಮಟ್ಟು ಬಾಯಲ್ಲಿ ಇದ್ದೇ ಇರೋದು.

ಮೂರು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೀತು. ಬಲಗೈ, ಬಲಗಾಲು ಬಿದ್ದುಹೋಯಿತು. ಮಾತೂ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬರೋ ಹೊತ್ತಿಗೆ ಕಾಲು ಸ್ವಲ್ಪ ಸುಧಾರಿಸಿತ್ತು. ಮಾತು ಮಾತ್ರ ಇಲ್ಲ. ನಾವು ಹೇಳೋದೆಲ್ಲ ಅವರಿಗೆ ತಿಳೀತಿತ್ತು. ಟೀವಿ ನೋಡಿ ನಗ್ತಿದ್ದರು, ತೋಟಕ್ಕೆ ನೀರು ಬಿಟ್ಟಿಲ್ಲ ಅಂದರೆ ಸಿಟ್ಟಾಗ್ತಿದ್ದರು. ಹೇಳಕ್ಕೆ ಹೋದರೆ ಒಂದೇ ಒಂದು ಶಬ್ದ, 'ಅದು… ಅದು… ಅದು…' ನೀರು ಬೇಕಾದರೂ ಅದು, ಮೊಮ್ಮಗಳನ್ನ ಕರೆಯೋದಾದರೂ ಅದು. ಹೇಳಬೇಕಾದ ಪದ ಎದುರಿಗೇ ಇದ್ದ ಹಾಗೆ, ಕೈಗೆ ಸಿಗದ ಹಾಗೆ ಅವರು ಒದ್ದಾಡೋದನ್ನ ನೋಡಕ್ಕಾಗ್ತಿರಲಿಲ್ಲ. ತೀರಾ ಸಿಟ್ಟು ಬಂದಾಗ ಮಾತ್ರ ಅಚ್ಚುಕಟ್ಟಾಗಿ ಒಂದು ಬೈಗುಳ ಬರೋದು. ಇಲ್ಲಿ ಬರೆಯೋ ಹಾಗಿಲ್ಲ, ಆದರೆ ಅಕ್ಷರ ಒಂದೂ ತಪ್ಪುತ್ತಿರಲಿಲ್ಲ.

ಒಂದು ಭಾನುವಾರ, ಜೊತೆಗೆ ಪಾರ್ಟು ಮಾಡ್ತಿದ್ದ ಅವರ ಹಳೇ ಸ್ನೇಹಿತರು ನೋಡಕ್ಕೆ ಬಂದರು. ಏನು ಮಾತಾಡೋದು ಅಂತ ತಿಳೀದೆ ಸುಮ್ಮನೆ ಪಕ್ಕದಲ್ಲಿ ಕೂತು ತಮ್ಮ ಪಾಡಿಗೆ ಹಳೇ ಮಟ್ಟು ಒಂದನ್ನ ಗುನುಗಿದರು. ಮೊದಲನೇ ಸಾಲು ಅರ್ಧ ಆಗೋ ಹೊತ್ತಿಗೆ ದೊಡ್ಡಪ್ಪನ ದನಿಯೂ ಸೇರಿತು. ಶಬ್ದ ಅಷ್ಟೇ ಅಲ್ಲ, ಪದಗಳೂ. ಸೊಟ್ಟಗಾದ ಬಾಯಲ್ಲೇ ನಾಲ್ಕು ಸಾಲು ಪೂರ್ತಿ ಹಾಡಿದರು. ದೊಡ್ಡಮ್ಮ ಅಡುಗೆ ಮನೆಯಿಂದ ಓಡಿ ಬಂದು ಬಾಗಿಲಲ್ಲೇ ನಿಂತರಂತೆ. ಇದನ್ನ ನನಗೆ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಫೋನಿನಲ್ಲಿ ಹೇಳಿದ.

ಕಥೆ ಇಲ್ಲಿಗೆ ಮುಗಿದಿದ್ದರೆ ಎಲ್ಲರೂ ಫಾರ್ವರ್ಡ್ ಮಾಡೋ ವಿಡಿಯೋ ಆಗ್ತಿತ್ತು. ಮುಗೀಲಿಲ್ಲ. ಮಾರನೇ ದಿನದಿಂದ ಊರು ಎರಡು ಪಾರ್ಟಿ ಆಯಿತು. ಒಂದು ಪಾರ್ಟಿ, 'ದೇವರು ಕಣ್ಬಿಟ್ಟ, ಇನ್ನು ಹದಿನೈದು ದಿನದಲ್ಲಿ ಮಾತು ಬತ್ತದೆ' ಅಂತ ಹರಕೆ ಹೊತ್ತಿತು. ಇನ್ನೊಂದು ಪಾರ್ಟಿ ಕೇಳಿದ ಪ್ರಶ್ನೆ ಕೆಟ್ಟದಾಗಿತ್ತು: 'ಹಾಡಕ್ಕೆ ಬತ್ತದೆ, ಮಾತಾಡಕ್ಕೆ ಮಾತ್ರ ಬರಲ್ವಾ? ಇದೆಂಥ ಕಾಯಿಲೆ?' ಆ ಹೊತ್ತಿನಲ್ಲಿ ಮನೆಯಲ್ಲಿ ಜಮೀನು ಭಾಗದ ಮಾತು ನಡೀತಿತ್ತು. ಹೂಂ ಅನ್ನಕ್ಕೂ ಇಷ್ಟ ಇಲ್ಲ, ಉಹೂಂ ಅನ್ನಕ್ಕೂ ಧೈರ್ಯ ಇಲ್ಲ, ಅದಕ್ಕೇ ಮೂಕನ ಪಾರ್ಟು ಹಾಕಿದಾರೆ ಅಂತ ಯಾರೋ ಜಗಲಿ ಮೇಲೆ ಕೂತು ಅಂದರು. ಜೀವಮಾನವೆಲ್ಲ ನಾಟಕ ಆಡಿದ ಮನುಷ್ಯ, ಅನುಮಾನಕ್ಕೆ ಹೆಚ್ಚು ಎಣ್ಣೆ ಬೇಕಾಗಲಿಲ್ಲ. ದಿನಾ ಒಬ್ಬರಲ್ಲ ಒಬ್ಬರು ಬಂದು 'ಎಲ್ಲಿ, ಒಂದು ಹಾಡಿ ನೋಡನ' ಅನ್ನೋರು. ದೊಡ್ಡಪ್ಪ ಗೋಡೆ ಕಡೆ ತಿರುಗಿ ಮಲಗೋರು. ನೋಡಿಕೊಂಡು ನೋಡಿಕೊಂಡು ಸುಸ್ತಾಗಿದ್ದ ಅಣ್ಣನೇ ಒಂದು ರಾತ್ರಿ ನನಗೆ ಫೋನ್ ಮಾಡಿ ಕೇಳಿದ: 'ನೀನು ಓದಿದೋನು, ನಿಜ ಹೇಳು. ಅಪ್ಪ ಬೇಕು ಅಂತ ಮಾಡ್ತಾ ಐತಾ?'

ಮ್ಯೂಸಿಕೋಫಿಲಿಯಾದಲ್ಲಿ ಮಾತು ಹೋದವರ ಹಾಡಿನ ಬಗ್ಗೆಯೇ ಒಂದು ಅಧ್ಯಾಯ ಇದೆ. ಮೆಟ್ರೋದಲ್ಲಿ ಓದಿ ಮುಂದೆ ಹೋಗಿದ್ದ ಆ ಪುಟಗಳನ್ನ ಅವತ್ತು ರಾತ್ರಿ ಮತ್ತೆ ತೆಗೆದೆ. ಈ ಸ್ಥಿತಿಗೆ ಅಫೇಸಿಯಾ ಅಂತಾರೆ. 1861ರಲ್ಲಿ ಪ್ಯಾರಿಸ್ಸಿನ ಡಾಕ್ಟರ್ ಪಾಲ್ ಬ್ರೋಕಾ ನೋಡಿದ ಒಬ್ಬ ರೋಗಿ ಏನು ಕೇಳಿದರೂ 'ಟಾನ್, ಟಾನ್' ಅಂತಿದ್ದನಂತೆ. ಆಸ್ಪತ್ರೆಯಲ್ಲಿ ಅವನ ಹೆಸರೇ ಟಾನ್ ಆಗಿಹೋಗಿತ್ತು. ಅವನು ಸತ್ತ ಮೇಲೆ ಮಿದುಳನ್ನ ಪರೀಕ್ಷೆ ಮಾಡಿದಾಗ ಎಡಗಡೆ ಮುಂಭಾಗದಲ್ಲಿ ಹಾನಿ ಕಂಡಿತು. ಇವತ್ತಿಗೂ ಆ ಜಾಗಕ್ಕೆ ಬ್ರೋಕಾನ ಹೆಸರೇ ಇದೆ. ಎಡ ಮಿದುಳು ಬಲಗೈ, ಬಲಗಾಲನ್ನ ಆಡಿಸೋದರಿಂದ ಮಾತೂ ಬಲಭಾಗವೂ ಎಷ್ಟೋ ಸಲ ಒಟ್ಟಿಗೇ ಹೋಗ್ತವೆ. ನಮ್ಮ ದೊಡ್ಡಪ್ಪನ 'ಅದು', ಟಾನ್‌ನ 'ಟಾನ್', ಎರಡೂ ಒಂದೇ ಗೋಳು.

ಹಾಡು ಉಳಿಯೋದೂ ಹೊಸದಲ್ಲ. ಬ್ರೋಕಾನಿಗಿಂತ ನೂರು ವರ್ಷ ಮುಂಚೆ, 1745ರಲ್ಲಿ, ಸ್ವೀಡನ್ನಿನ ಓಲೋಫ್ ದಾಲಿನ್ ಅನ್ನೋರು ಒಬ್ಬ ರೈತನ ಮಗನ ಬಗ್ಗೆ ಬರೆದಿಟ್ಟಿದ್ದಾರೆ. ಕಾಯಿಲೆ ಬಿದ್ದು ಅವನ ಬಲಭಾಗ ಪೂರ್ತಿ ಹೋಗಿತ್ತು, ಮಾತು ಹೋಗಿತ್ತು. ಆದರೆ ಮೊದಲೇ ಕಲಿತಿದ್ದ ಚರ್ಚಿನ ಕೀರ್ತನೆಗಳನ್ನ ಸ್ಪಷ್ಟವಾಗಿ ಹಾಡ್ತಿದ್ದ. ಒಂದೇ ಷರತ್ತು, ಶುರುವಿನಲ್ಲಿ ಇನ್ನೊಬ್ಬರು ಸ್ವಲ್ಪ ಜೊತೆಗೆ ಹಾಡಿ ಹಚ್ಚಿಕೊಡಬೇಕು. ಇದನ್ನ ಓದಿ ನಾನು ಪುಸ್ತಕ ಕೆಳಗಿಟ್ಟೆ. ಸ್ವೀಡನ್ನಿನ ಆ ಹುಡುಗನ ಪಕ್ಕದಲ್ಲಿ ಕೂತು ಹಚ್ಚಿಕೊಟ್ಟವರು ಯಾರೋ, ಅವರೂ ನಮ್ಮ ಮನೆಗೆ ಬಂದಿದ್ದ ಸ್ನೇಹಿತರ ಥರದವರೇ ಇರಬೇಕು.

ಅಣ್ಣನಿಗೆ ಬ್ರೋಕಾ, ದಾಲಿನ್ ಅಂದರೆ ಏನು ಪ್ರಯೋಜನ? ಅವನಿಗೆ ಮಗ್ಗಿ ಲೆಕ್ಕದಲ್ಲಿ ಹೇಳಿದೆ. 'ಏಳೆಂಟ್ಲಿ ಎಷ್ಟು ಅಂತ ತಟ್ಟಂತ ಕೇಳಿದರೆ ನಿನಗೆ ಬರಲ್ಲ ಅಲ್ವಾ, ಏಳೊಂದ್ಲಿಯಿಂದ ಶುರು ಮಾಡಿದರೆ ತಾನಾಗೇ ಬತ್ತದೆ. ಯಾಕೆ? ಹಿಂದಿನದು ಮುಂದಿನದನ್ನ ಎಳ್ಕೊಂಡು ಬತ್ತದೆ. ಹಾಡೂ ಹಂಗೇ. ಬೈಗುಳನೂ ಹಂಗೇ, ಒಂದು ಎರಡು ಮೂರು ಅಂತ ಎಣಿಸೋದೂ ಹಂಗೇ. ಪದ ಒಂದೊಂದಾಗಿ ಹುಡುಕಂಗಿಲ್ಲ, ಸರಪಳಿ ಥರ ಬತ್ತವೆ. ಆದರೆ "ನನಗೆ ತಲೆ ನೋಯ್ತಾ ಐತೆ" ಅನ್ನಬೇಕಾದರೆ ನಾಲ್ಕು ಪದವನ್ನೂ ಆವಾಗಲೇ ಹುಡುಕಿ, ಜೋಡಿಸಿ, ನಾಲಿಗೆಗೆ ಕೊಡಬೇಕು. ದೊಡ್ಡಪ್ಪಂಗೆ ಹೋಗಿರೋದು ಆ ಕೆಲಸ.' ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾದರೆ ಒಂದರಿಂದ ಹತ್ತು ಹೇಳಿಸಿ ನೋಡ್ತೀನಿ' ಅಂದ. ಮಾರನೇ ದಿನ ಅವನು 'ಒಂದು, ಎರಡು' ಅಂತ ಹಚ್ಚಿಕೊಟ್ಟ. ದೊಡ್ಡಪ್ಪ ಮೂರರಿಂದ ಹಿಡಿದು ಹತ್ತರ ತನಕ ಹೋದರು. 'ನಿನಗೆ ಎಷ್ಟು ಮೊಮ್ಮಕ್ಕಳು?' ಅಂದರೆ, 'ಅದು… ಅದು…' ಬೆರಳು ಮಾತ್ರ ಮೂರು ಎತ್ತಿದರು.

ಅಣ್ಣ ಅವತ್ತು ಅತ್ತನಂತೆ. ದೊಡ್ಡಮ್ಮ ಹೇಳಿದ್ದು.

ಅವತ್ತಿನಿಂದ ಆ ಮನೆಯಲ್ಲಿ 'ನಾಟಕ' ಅನ್ನೋ ಮಾತು ನಿಂತಿತು. ಹರಕೆಯ ಹದಿನೈದು ದಿನವೂ ಕಳೆಯಿತು, ಮಾತು ಬರಲಿಲ್ಲ, ಯಾಕೆ ಬರಲಿಲ್ಲ ಅನ್ನೋದೂ ಈಗ ಗೊತ್ತಿತ್ತು. ಹಾಡು ಉಳಿದಿದೆ ಅಂದ ಮಾತ್ರಕ್ಕೆ ಮಾತು ಹಿಂದೆಯೇ ಬರತ್ತೆ ಅಂತಲ್ಲ. ಆದರೆ ಅದನ್ನ ಏಣಿ ಮಾಡಿಕೊಳ್ಳೋ ಪ್ರಯತ್ನಗಳು ಇವೆ. 1973ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ ಅನ್ನೋ ಮೂವರು 'ಮೆಲೋಡಿಕ್ ಇಂಟೊನೇಷನ್ ಥೆರಪಿ' ಅನ್ನೋ ಕ್ರಮವನ್ನ ಮುಂದಿಟ್ಟರು. ದಿನನಿತ್ಯ ಬೇಕಾಗೋ ಪುಟ್ಟ ಮಾತುಗಳನ್ನ ಎರಡು ಸ್ವರದಲ್ಲಿ, ಒಂದು ಮೇಲೆ ಒಂದು ಕೆಳಗೆ, ಹಾಡಿದ ಹಾಗೆ ಹೇಳಿಸೋದು. ಅಕ್ಷರಕ್ಕೊಂದರಂತೆ ರೋಗಿಯ ಎಡಗೈ ತಟ್ಟಿಸೋದು. ಮೊದಲು ಜೊತೆಗೆ, ಆಮೇಲೆ ಥೆರಪಿಸ್ಟ್ ದನಿ ಸಣ್ಣದು ಮಾಡ್ತಾ, ಕೊನೆಗೆ ರೋಗಿ ಒಬ್ಬರೇ. ನಿಧಾನವಾಗಿ ಸ್ವರ ಇಳಿಸಿ ಮಾಮೂಲಿ ಮಾತಿಗೆ ತರೋದು.

ಇದು ಯಾಕೆ ಕೆಲಸ ಮಾಡತ್ತೆ ಅನ್ನೋದರ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ. ಎಡ ಮಿದುಳಿನ ಕೆಲಸವನ್ನ ಬಲ ಮಿದುಳು ಹೊತ್ತುಕೊಳ್ಳತ್ತೆ ಅನ್ನೋದು ಒಂದು ವಾದ. 2011ರಲ್ಲಿ ಜರ್ಮನಿಯ ಸಂಶೋಧಕರು 17 ರೋಗಿಗಳ ಜೊತೆ ಕೆಲಸ ಮಾಡಿ ಬೇರೆ ಮಾತು ಹೇಳಿದರು: ಸಹಾಯ ಮಾಡೋದು ರಾಗ ಅಲ್ಲ, ಲಯ. ಜೊತೆಗೆ ಬಾಯಿಗೆ ಮೊದಲೇ ರೂಢಿಯಾದ ಮಾತುಗಳು. ಹಾಡಿದರೂ ಅಷ್ಟೇ, ತಾಳಕ್ಕೆ ಸರಿಯಾಗಿ ಹೇಳಿದರೂ ಅಷ್ಟೇ. ಹೀಗೆ ಒಬ್ಬರು ಕಟ್ಟಿದ್ದನ್ನ ಇನ್ನೊಬ್ಬರು ಅಲ್ಲಾಡಿಸಿ ನೋಡೋದಿದೆಯಲ್ಲ, ನಾನು ಡ್ಯಾಶ್‌ಬೋರ್ಡಿನ ಬಗ್ಗೆ ಹೇಳಿದ ಲಾಗ್ ಓದೋ ಕೆಲಸ ಅಂದರೆ ಇದೇ. ಪುಸ್ತಕದ ಬೆನ್ನ ಮೇಲೆ ಇದನ್ನ ಹಾಕಿದರೆ ಮಾರಾಟ ಆಗೋದಿಲ್ಲ.

ನಗರದ ಆಸ್ಪತ್ರೆಯೊಂದರಲ್ಲಿ ಸ್ಪೀಚ್ ಥೆರಪಿಸ್ಟ್ ಸಿಕ್ಕರು. ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ ಹುಡುಗಿ. ಅವರು ಒಂದು ಸ್ವಾರಸ್ಯದ ಮಾತು ಹೇಳಿದರು. ಬಾಸ್ಟನ್ನಿನ ಕ್ರಮ ಇಂಗ್ಲಿಷಿಗೆ ಹೊಂದೋ ಹಾಗೆ ಮಾಡಿದ್ದು. ಇಂಗ್ಲಿಷಿನಲ್ಲಿ ಒತ್ತಿ ಹೇಳೋ ಭಾಗಕ್ಕೆ ಮೇಲಿನ ಸ್ವರ, ಒತ್ತಿಲ್ಲದ್ದಕ್ಕೆ ಕೆಳಗಿನ ಸ್ವರ. ಕನ್ನಡದಲ್ಲಿ ಆ ಥರದ ಒತ್ತು ಎಲ್ಲಿದೆ? ನಮ್ಮದು ಹ್ರಸ್ವ, ದೀರ್ಘದ ಭಾಷೆ. 'ಕಡಿ' ಬೇರೆ, 'ಕಾಡಿ' ಬೇರೆ. ಹಾಗಾಗಿ ಅವರು ಮೇಲೆ ಕೆಳಗೆ ಅನ್ನೋದಕ್ಕಿಂತ ಉದ್ದ ಗಿಡ್ಡವನ್ನ ಹಿಡಿದರು. 'ನೀ–ರು', 'ಕಾ–ಫಿ', 'ಊ–ಟ ಸಾ–ಕು'. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಬೋರ್ಡಿನ ಮೇಲೆ ಗುರು ಲಘು ಹಾಕಿಸ್ತಿದ್ದರಲ್ಲ, ಅದೇ. ಪರೀಕ್ಷೆ ಬರೆದು ಮರೆತ ಆ ಗೆರೆ, ಬಿಲ್ಲುಗಳು ದೊಡ್ಡಪ್ಪನ ಎಡಗೈ ಬೆರಳಲ್ಲಿ ಮತ್ತೆ ಕಂಡವು. ಕಂದಪದ್ಯ ಹಾಡಿ ಹಾಡಿ ಪಳಗಿದ ಬೆರಳಿಗೆ ಆ ಲೆಕ್ಕ ಹೊಸದಾಗಿರಲಿಲ್ಲ.

ಈಗ ಅವರಿಗೆ ಮೂವತ್ತು ಚಿಲ್ಲರೆ ಮಾತು ಬರತ್ತೆ. ನೀರು, ಕಾಫಿ, ಸಾಕು, ಬೇಡ, ಬಾ, ಬಸ್ಸು, ಮೂವರು ಮೊಮ್ಮಕ್ಕಳ ಹೆಸರು. ದೊಡ್ಡಮ್ಮನ ಹೆಸರು ಕೊನೆಗೆ ಬಂತು. ಮದುವೆಯಾಗಿ ನಲವತ್ತೈದು ವರ್ಷದಲ್ಲಿ ಹೆಸರು ಹಿಡಿದು ಕರೆದವರೇ ಅಲ್ಲ, 'ಇವಳೇ' ಅಂತಿದ್ದವರು. ರೂಢಿಯಲ್ಲಿ ಇಲ್ಲದ ಪದ ಬರೋದು ತಡ ಅಂತ ಥೆರಪಿಸ್ಟ್ ನಕ್ಕರು. ಜಮೀನು ಭಾಗದ ದಿನ ಎಲ್ಲರ ಮುಂದೆ ತೊಡೆ ತಟ್ಟಿಕೊಂಡು 'ಬೇ–ಡ' ಅಂದರು. ಅಷ್ಟು ಸಾಕಾಯಿತು. ಭಾಗ ಇವತ್ತಿಗೂ ಆಗಿಲ್ಲ.

ಸ್ಯಾಕ್ಸ್‌ರ ಮೇಲೆ ಒಂದು ಹಳೇ ಟೀಕೆ ಇದೆ, ರೋಗಿಗಳ ಕಷ್ಟವನ್ನ ತಮ್ಮ ಸಾಹಿತ್ಯದ ಸರಕು ಮಾಡಿಕೊಂಡರು ಅಂತ. 'ಎಲ್ಲಿ, ಒಂದು ಹಾಡಿ ನೋಡನ' ಅಂತ ಬರ್ತಿದ್ದ ನಮ್ಮೂರಿನವರಿಗೂ ನಮಗೂ ಏನು ವ್ಯತ್ಯಾಸ ಅಂತ ಇದನ್ನ ಬರೆಯೋವಾಗ ನನಗೂ ಅನ್ನಿಸಿತು. ಅದಕ್ಕೇ ಊರಿಗೆ ಹೋದಾಗ ಪಕ್ಕದಲ್ಲಿ ಕೂತು ಕೇಳಿದೆ, ನಿಮ್ಮ ವಿಷಯ ಬರೀಲಾ ದೊಡ್ಡಪ್ಪ ಅಂತ. ಸುಮಾರು ಹೊತ್ತು ನನ್ನ ಮುಖ ನೋಡಿದರು. ಎಡಗೈ ಎತ್ತಿ ಗದೆ ಹೊತ್ತ ಹಾಗೆ ಹೆಗಲ ಮೇಲಿಟ್ಟು ತಲೆ ಆಡಿಸಿದರು. ದುರ್ಯೋಧನನ ಪಾರ್ಟು ಅಂತ ಬರಿ ಅಂದ ಹಾಗೆ. ಬರೆದಿದ್ದೀನಿ.

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರಬಹುದು. ಲಕ್ವ ಹೊಡೆದು ಮಾತು ನಿಂತವರಿಗೆ ಬುದ್ಧಿ ನಿಂತಿರೋದಿಲ್ಲ, ಅವರೆದುರಿಗೆ ಅವರ ಬಗ್ಗೆ ಮೂರನೆಯವರ ಹಾಗೆ ಮಾತಾಡಬೇಡಿ. ಹಾಡಿದರೆ ಪವಾಡ ಅಂತ ಕುಣಿಯೋದೂ ಬೇಡ, ನಾಟಕ ಅಂತ ಹಂಗಿಸೋದೂ ಬೇಡ. ಫಿಸಿಯೋಥೆರಪಿಗೆ ಹೋಗೋ ಹಾಗೆ ಸ್ಪೀಚ್ ಥೆರಪಿಗೂ ಹೋಗಿ. ಕೈಕಾಲು ಬಂದರೆ ಸಾಕು ಅಂತ ಎಷ್ಟೋ ಮನೆಗಳಲ್ಲಿ ಮಾತನ್ನ ಕೈಬಿಟ್ಟುಬಿಡ್ತಾರೆ.

ಇನ್ನು ಲಿಫ್ಟಿನ ಚೀಟಿಯ ವಿಷಯ. ಮಕ್ಕಳನ್ನ ಸಂಗೀತಕ್ಕೆ ಖಂಡಿತ ಸೇರಿಸಿ. ಗಣಿತಕ್ಕೆ ಬೇಕಾದರೆ ಗಣಿತವನ್ನೇ ಕಲಿಸಬಹುದು, ಅದಕ್ಕೆ ಕೀಬೋರ್ಡಿನ ಸುತ್ತು ದಾರಿ ಯಾಕೆ? ದೊಡ್ಡಪ್ಪ ಮೇಷ್ಟ್ರಿಗೆ ದುಡ್ಡು ಕೊಟ್ಟು ಮಟ್ಟು ಕಲಿತದ್ದು ಯಾವ ಲಾಭಕ್ಕೂ ಅಲ್ಲ, ಆ ಒಂದು ರಾತ್ರಿ ದುರ್ಯೋಧನ ಆಗೋ ಆಸೆಗೆ. ಮೂವತ್ತು ವರ್ಷ ಆದ ಮೇಲೆ ಅದು ಬೇರೆ ಕೆಲಸಕ್ಕೆ ಬಂತು. ಬರದೇ ಇದ್ದಿದ್ದರೂ ಆ ರಾತ್ರಿಗಳು ದಂಡ ಆಗ್ತಿರಲಿಲ್ಲ. ನನ್ನ ಫೋನಿನಲ್ಲಿ ನಾಲ್ಕು ಸಾವಿರ ಹಾಡಿದೆ. ಶುರುವಿನಿಂದ ಕೊನೆಯ ತನಕ ಬಾಯಿಗೆ ಬರೋದು ಎಷ್ಟು ಅಂತ ಒಂದು ದಿನ ಲೆಕ್ಕ ಹಾಕಿದೆ. ಹನ್ನೊಂದು. ಅದರಲ್ಲಿ ಒಂಬತ್ತು ಪ್ರೈಮರಿ ಶಾಲೆಯಲ್ಲಿ ಕಲಿತದ್ದು. ಈಗ ಊರಿಗೆ ಹೋದಾಗಲೆಲ್ಲ ದೊಡ್ಡಪ್ಪನ ಪಕ್ಕದಲ್ಲಿ ಕೂತು ಒಂದೊಂದು ಮಟ್ಟು ಕಲೀತಾ ಇದ್ದೀನಿ. ಅವರ ಸ್ನೇಹಿತರು ಹಚ್ಚಿಕೊಡ್ತಾರೆ, ದೊಡ್ಡಪ್ಪ ಹಾಡ್ತಾರೆ, ನಾನು ಹಿಂದೆ ಹಿಂದೆ ಹೋಗ್ತೀನಿ. ತಪ್ಪಿದಾಗ ಅವರು ತೊಡೆ ಮೇಲೆ ಜೋರಾಗಿ ತಟ್ಟಿ ನಿಲ್ಲಿಸ್ತಾರೆ, ಮತ್ತೆ ಮೊದಲಿಂದ ಶುರು.